ಕಾಯಿಲ್ ಹೊಸದು, ನೀರಿನ ದಾರಿಯೂ ಹೊಸದು: ಆಯುಧಪೂಜೆ ರಜೆಯ ಒಂದು ಸ್ಟೀಮ್ ಕೆಲಸ

ಟೆಂಪರೇಚರ್ ಗನ್ ಹಿಡಿದು ಹಳೇ ಕಾಯಿಲ್‌ನ (ಸ್ಟೀಮ್ ಹಾಯಿಸಿ ಗಾಳಿ ಕಾಯಿಸುವ ಟ್ಯೂಬ್‌ಗಳ ಕಟ್ಟು) ಹೆಡರ್, ಅಂದರೆ ಟ್ಯೂಬ್‌ಗಳೆಲ್ಲ ಸೇರುವ ಪೈಪ್, ಮೇಲಿನಿಂದ ನೋಡುತ್ತಾ ಬಂದೆ. 111 ಡಿಗ್ರಿ. ಸ್ವಲ್ಪ ಕೆಳಗೆ 110. ಇನ್ನೂ ಕೆಳಗೆ 110. ಆಮೇಲೆ ಒಮ್ಮೆಲೇ 58. ಕೊನೆಯ ಒಂದಡಿ ಆರಿಹೋದ ಸಾರಿನ ಪಾತ್ರೆ ಹಾಗಿತ್ತು.

ಗನ್ ಸುಳ್ಳು ಹೇಳುತ್ತಿರಲಿಲ್ಲ. ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಹೇಳುವುದುಂಟು. ಹಾಗಾಗಿ ನಾನು ಅಳೆಯುವ ಜಾಗಕ್ಕೆಲ್ಲ ಮೊದಲೇ ಕಪ್ಪು ಟೇಪ್ ಅಂಟಿಸಿಕೊಳ್ಳುತ್ತೇನೆ. ಸ್ಟೀಮ್ ತುಂಬಿರುವ ಜಾಗವೆಲ್ಲ ಒಂದೇ ಬಿಸಿ ಇರಬೇಕು. ಮಧ್ಯದಲ್ಲಿ ಬಿಸಿ ಹೀಗೆ ಕಡಿದು ಬಿದ್ದರೆ, ಅಲ್ಲಿಂದ ಕೆಳಗೆ ನೀರು ನಿಂತಿದೆ ಅಂತಲೇ ಅರ್ಥ.

ಬೆಂಗಳೂರಿನಲ್ಲಿ ಗಾಳಿ ಬಿಸಿ ಮಾಡುವ ಕಾಯಿಲ್ ಯಾಕೆ ಅಂತ ನಮ್ಮ ಮನೆಯಲ್ಲೇ ಕೇಳಿದ್ದಾರೆ. ನಾನಿರುವುದು ಊರಿನ ಹೊರಗಿನ ಒಂದು ಮಾತ್ರೆ ಕಾರ್ಖಾನೆಯಲ್ಲಿ, ಯುಟಿಲಿಟಿ ಮೇಂಟೆನೆನ್ಸ್ ಕೆಲಸ. ಮಾತ್ರೆಯ ಮೇಲೆ ಬಣ್ಣದ ತೆಳು ಪದರ ಇರುತ್ತದಲ್ಲ, ಅದನ್ನು ತಿರುಗುವ ದೊಡ್ಡ ಪ್ಯಾನ್‌ನಲ್ಲಿ ಸ್ಪ್ರೇ ಮಾಡಿ ಒಣಗಿಸುತ್ತಾರೆ. ಒಣಗಿಸಲು ಬಿಸಿ ಮತ್ತು ಒಣ ಗಾಳಿ ಬೇಕು. ಹೊರಗಿನ ಗಾಳಿ ಫಿಲ್ಟರ್ ದಾಟಿ, ತಣ್ಣೀರಿನ ಕಾಯಿಲ್ ಮೇಲೆ ಹಾದು 12 ಡಿಗ್ರಿಗೆ ಇಳಿಯುತ್ತದೆ. ಅಲ್ಲಿ ತೇವ ನೀರಾಗಿ ಸುರಿದುಹೋಗುತ್ತದೆ. ಆಮೇಲೆ ಅದೇ ಗಾಳಿ ಸ್ಟೀಮ್ ಕಾಯಿಲ್ ಹಾದು 70 ಡಿಗ್ರಿವರೆಗೆ ಕಾಯುತ್ತದೆ. ಕೊನೆಗೆ ಅತಿ ಸಣ್ಣ ಧೂಳನ್ನೂ ತಡೆಯುವ ಹೆಪಾ ಫಿಲ್ಟರ್, ಅದಾದ ಮೇಲೆ ಪ್ಯಾನ್. ಮೊದಲು ತಣ್ಣಗೆ ಮಾಡಿ ಆಮೇಲೆ ಕಾಯಿಸೋದು ದುಡ್ಡು ಸುಡುವ ಕೆಲಸದ ಹಾಗೆ ಕಾಣುತ್ತದೆ. ಆದರೆ ಮಳೆಗಾಲದ ಗಾಳಿಯನ್ನು ಹಾಗೇ ಕಾಯಿಸಿ ಬಿಟ್ಟರೆ ಮಾತ್ರೆ ಒಣಗುವುದೂ ಮಳೆಗಾಲದ ಬಟ್ಟೆ ಹಾಗೇ.

ತೊಂದರೆ ಎರಡು ವರ್ಷದ್ದು. ಕಂಟ್ರೋಲರ್‌ನಲ್ಲಿ ಗಾಳಿಯ ಬಿಸಿ 70ಕ್ಕೆ ಸೆಟ್ ಮಾಡಿದರೆ ಎಲ್ಲ ಸರಿ. 60ಕ್ಕೆ ಇಳಿಸಿದರೆ ಉಷ್ಣತೆ ತೂಗಾಡಲು ಶುರು. 50ಕ್ಕೆ ಇಳಿಸಿದರೆ ಒಮ್ಮೆ 41, ಒಮ್ಮೆ 59. ಜೊತೆಗೆ ಸರ್ವಿಸ್ ಫ್ಲೋರ್‌ನಲ್ಲಿ ಢಣ್ ಢಣ್ ಸದ್ದು, ಯಾರೋ ಪೈಪಿಗೆ ಸುತ್ತಿಗೆಯಲ್ಲಿ ಬಡಿದ ಹಾಗೆ. ಕೋಟಿಂಗ್ ಆಪರೇಟರ್ ಫೋನ್ ಮಾಡಿ "ಸರ್, ನಿಮ್ಮ ದೆವ್ವ ಮತ್ತೆ ಬಂತು" ಅನ್ನುತ್ತಿದ್ದ.

ನಾವೂ ಸುಮ್ನೆ ಕೂತಿರಲಿಲ್ಲ. ಕಂಟ್ರೋಲರ್‌ನ ಸೆಟ್ಟಿಂಗ್ ಬದಲಿಸಿದೆವು. ವಾಲ್ವ್ ಎಷ್ಟು ತೆರೆದಿರಬೇಕು ಅಂತ ನೋಡಿಕೊಳ್ಳುವ ಪೊಸಿಷನರ್ ಹೊಸದು ಹಾಕಿದೆವು. ಸ್ಟೀಮ್ ಟ್ರ್ಯಾಪ್ (ನೀರನ್ನು ಆಚೆ ಬಿಟ್ಟು ಸ್ಟೀಮನ್ನು ಒಳಗೇ ತಡೆಯುವ ವಾಲ್ವ್) ಎರಡು ಸಲ ಬದಲಾಯಿಸಿದೆವು, ಅದೇ ಜಾತಿಯದು, ಅದೇ ಜಾಗಕ್ಕೆ. ಈಗ ಹಿಂತಿರುಗಿ ನೋಡಿದರೆ ನಗು ಬರುತ್ತದೆ. ಕಾಲುನೋವಿಗೆ ಚಪ್ಪಲಿ ಬದಲಾಯಿಸುತ್ತಾ ಕೂತ ಹಾಗೆ.

ಕೊನೆಗೆ ಈ ಸಲ ಮಳೆಗಾಲದಲ್ಲಿ ಹೆಪಾ ಫಿಲ್ಟರ್‌ನ ಆಚೆ ಈಚೆಯ ಒತ್ತಡ ವ್ಯತ್ಯಾಸ ಏರಿತು, ಅಂದರೆ ಗಾಳಿಗೆ ಏನೋ ಅಡ್ಡ. ತೆಗೆದು ನೋಡಿದರೆ ಫಿಲ್ಟರ್ ಒದ್ದೆ. ಕಾಯಿಲ್‌ನ ತಳದ ಟ್ಯೂಬ್‌ಗಳಲ್ಲಿ ಸೂಜಿಮೊನೆಯಷ್ಟು ತೂತುಗಳು, ಅಲ್ಲಿಂದ ಸ್ಟೀಮ್ ಗಾಳಿಗೆ ಸೇರುತ್ತಿತ್ತು. ತೂತು ಬಿದ್ದಿದ್ದೆಲ್ಲ ನೀರು ನಿಲ್ಲುವ ಆ ಕೊನೆಯ ಒಂದಡಿಯಲ್ಲೇ. ಇದರಲ್ಲಿ ಆಶ್ಚರ್ಯ ಏನಿಲ್ಲ. ಬಾಯ್ಲರ್ ನೀರಿನಲ್ಲಿರುವ ಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಸ್ಟೀಮ್ ಜೊತೆ ಬರುತ್ತದೆ. ನಿಂತ ನೀರಿನಲ್ಲಿ ಅದು ಕರಗಿ ಆಮ್ಲವಾಗುತ್ತದೆ. ಕಬ್ಬಿಣದ ಟ್ಯೂಬನ್ನು ನಿಧಾನಕ್ಕೆ ತಿನ್ನುತ್ತದೆ. ಹಿಮ ಬೀಳುವ ದೇಶಗಳಲ್ಲಿ ಇಂಥ ನೀರು ಹೆಪ್ಪುಗಟ್ಟಿ ಒಂದೇ ರಾತ್ರಿಯಲ್ಲಿ ಟ್ಯೂಬ್ ಸೀಳುತ್ತದೆ. ನಮ್ಮಲ್ಲಿ ಅದೇ ಕೆಲಸಕ್ಕೆ ಕೆಲವು ವರ್ಷ ಬೇಕು, ಅಷ್ಟೇ.

ಹೊಸ ಕಾಯಿಲ್‌ಗೆ ಮ್ಯಾನೇಜ್‌ಮೆಂಟ್ ತಕ್ಷಣ ಒಪ್ಪಿತು. ನಾನು ಬರೀ ಕಾಯಿಲ್ ಸಾಲದು ಅಂದೆ. ಯಾಕೆ ಅಂತ ತೋರಿಸಲು ಒಂದು ಹಾಳೆಯ ಲೆಕ್ಕ ಮಾಡಿದೆ. ಅದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಏಕೆಂದರೆ ಇಡೀ ಕೆಲಸದ ಜೀವ ಇರೋದು ಅದರಲ್ಲೇ.

ಫ್ಯಾನ್ ಗಾಳಿ 3000 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ. ಅಂದರೆ ಗಂಟೆಗೆ ಸುಮಾರು 5100 ಘನ ಮೀಟರ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಹಾಗಾಗಿ ನಮ್ಮ ಗಾಳಿ ಸ್ವಲ್ಪ ಹಗುರ. ಘನ ಮೀಟರಿಗೆ 1.06 ಕೆಜಿ ಹಿಡಿದೆ. ಗಂಟೆಗೆ 5400 ಕೆಜಿ ಗಾಳಿಯನ್ನು 12ರಿಂದ 70ಕ್ಕೆ ಏರಿಸಲು ಸುಮಾರು 87 ಕಿಲೋವಾಟ್ ಬೇಕು. ಕಾಯಿಲ್ ಒಳಗೆ 2 ಬಾರ್ ಸ್ಟೀಮ್ ಇದ್ದರೆ (ಇಲ್ಲಿ ಬಾರ್ ಅಂದದ್ದೆಲ್ಲ ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಅಂತ) ಒಂದು ಕೆಜಿ ನೀರಾಗುವಾಗ ಸುಮಾರು 2160 ಕಿಲೋಜೌಲ್ ಬಿಟ್ಟುಕೊಡುತ್ತದೆ. ಭಾಗಿಸಿದರೆ ಗಂಟೆಗೆ 146 ಕೆಜಿ ಸ್ಟೀಮ್. ಅಷ್ಟೇ ನೀರು ಆಚೆ ಹೋಗಲೇಬೇಕು.

ಇಲ್ಲಿಯವರೆಗೆ ಎಲ್ಲರೂ ಮಾಡುವ ಲೆಕ್ಕವೇ. ಮುಂದಿನದನ್ನು ನಮ್ಮ ಹಳೇ ಕಂಟ್ರಾಕ್ಟರ್ ಮಾಡಿರಲಿಲ್ಲ. ನಾವೂ ಕೇಳಿರಲಿಲ್ಲ.

2 ಬಾರ್ ಸ್ಟೀಮ್‌ನ ಬಿಸಿ ಸುಮಾರು 133 ಡಿಗ್ರಿ. ಗಾಳಿಯ ಸರಾಸರಿ, 12 ಮತ್ತು 70ರ ನಡುವೆ, 41. ವ್ಯತ್ಯಾಸ 92. ಈ 92 ಡಿಗ್ರಿಯ ದೂಡಿಕೆಯಿಂದ ಗಾಳಿ 58 ಡಿಗ್ರಿ ಏರುತ್ತದೆ. ಈಗ ಆಪರೇಟರ್ ಸೆಟ್ 60 ಮಾಡಿದ ಅನ್ನಿ. ಗಾಳಿ ಏರಬೇಕಾದ್ದು 48 ಡಿಗ್ರಿ ಮಾತ್ರ. ಅದಕ್ಕೆ 76 ಡಿಗ್ರಿ ವ್ಯತ್ಯಾಸ ಸಾಕು. ಗಾಳಿಯ ಸರಾಸರಿ 36. ಎರಡೂ ಕೂಡಿದರೆ 112 ಡಿಗ್ರಿ. ಅಂದರೆ ವಾಲ್ವ್ ಮುಚ್ಚಿಕೊಳ್ಳುತ್ತಾ ಹೋಗಿ, ಕಾಯಿಲ್ ಒಳಗಿನ ಒತ್ತಡ 0.6 ಬಾರ್ ಹತ್ತಿರ ನಿಲ್ಲುತ್ತದೆ. ನನ್ನ ಗನ್ ತೋರಿಸಿದ್ದು 111, 110. ಲೆಕ್ಕ ಮತ್ತು ಗನ್ ಹೀಗೆ ಕೈಕುಲುಕಿದಾಗ ಆಗುವ ಖುಷಿಯೇ ಬೇರೆ.

ಆ ನೀರು ಎಲ್ಲಿಗೆ ಹೋಗಬೇಕಿತ್ತು? ಟ್ರ್ಯಾಪ್ ದಾಟಿ 4.5 ಮೀಟರ್ ಮೇಲೇರಿ, ಚಾವಣಿಯಡಿಯ ಕಂಡೆನ್ಸೇಟ್ (ಸ್ಟೀಮ್ ತಣಿದು ಆದ ನೀರು) ಹೆಡರ್ ಸೇರಬೇಕಿತ್ತು. ಒಂದು ಮೀಟರ್ ನೀರು ಏರಿಸಲು ಸುಮಾರು 0.1 ಬಾರ್ ಬೇಕು. ಅಲ್ಲಿಗೆ 0.45. ಹೆಡರ್ ಒಳಗೆ ಬೇರೆ ಯಂತ್ರಗಳ ಕಂಡೆನ್ಸೇಟ್ ಬಂದು 0.3 ಬಾರ್ ಮೊದಲೇ ಇತ್ತು. ಒಟ್ಟು 0.75. ನೂಕುವ ಕೈಯಲ್ಲಿ 0.6, ಎದುರಿಗೆ ನಿಂತವನ ಹತ್ತಿರ 0.75. ನೀರು ಅಲ್ಲೇ ನಿಂತಿತು.

ಸೆಟ್ 50 ಆದರೆ ಕಥೆ ಇನ್ನೂ ಕೆಡುತ್ತದೆ. ಅದೇ ಲೆಕ್ಕದಲ್ಲಿ ಕಾಯಿಲ್ ಒಳಗೆ 91 ಡಿಗ್ರಿ ಸಾಕು. ನಮ್ಮೂರಲ್ಲಿ ನೀರು ಕುದಿಯುವುದು 97ರ ಆಸುಪಾಸು. ಅಂದರೆ ಕಾಯಿಲ್ ಒಳಗೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ. ಅದು ನೀರನ್ನು ಹೊರಗೆ ತಳ್ಳುವುದು ಹಾಗಿರಲಿ, ಒಳಗೆ ಎಳೆದುಕೊಳ್ಳುತ್ತದೆ. ನೀರು ತುಂಬಿ ಟ್ಯೂಬ್ ಮುಚ್ಚುತ್ತದೆ, ಗಾಳಿ ತಣ್ಣಗಾಗುತ್ತದೆ, ಕಂಟ್ರೋಲರ್ ಗಾಬರಿಯಾಗಿ ವಾಲ್ವ್ ಪೂರ್ತಿ ತೆರೆಯುತ್ತದೆ. ಆಗ ಒತ್ತಡ ಏರಿ ನೀರೆಲ್ಲ ಒಮ್ಮೆಗೇ ನುಗ್ಗುತ್ತದೆ. ಢಣ್. ಟ್ಯೂಬ್ ಖಾಲಿ, ಗಾಳಿ ಜಾಸ್ತಿ ಬಿಸಿ, ವಾಲ್ವ್ ಮುಚ್ಚು. ಮತ್ತೆ ಮೊದಲಿಂದ. 41, 59, 41, 59.

ದೆವ್ವ ಸಿಕ್ಕಿತು. ಯಾವ ಟ್ರ್ಯಾಪ್ ಹಾಕಿದರೂ ಇದು ಸರಿ ಹೋಗುತ್ತಿರಲಿಲ್ಲ. ಟ್ರ್ಯಾಪ್ ಬರೀ ಬಾಗಿಲು, ಅದು ಪಂಪ್ ಅಲ್ಲ. ನಮ್ಮ ಕೆಲಸಕ್ಕೆ ಬಂದ ವೆಲ್ಡರ್ ಗದಗ ಕಡೆಯವರು. ಲೆಕ್ಕದ ಹಾಳೆ ತೋರಿಸಿದರೆ ನೋಡಲೇ ಇಲ್ಲ. "ಸರ, ಪೈಪ್ ಏನೋ ಚಲೋ ಹಚ್ತೀನಿ. ಆದ್ರ ನೀರು ಮ್ಯಾಲ ಏರಬೇಕಂದ್ರ ಯಾರರ ನೂಕಬೇಕಲ್ರೀ?" ಅಂದರು. ನಾನು ಒಂದು ಹಾಳೆ ಬರೆದಿದ್ದು ಅವರಿಗೆ ಒಂದು ಸಾಲು.

ಹಾಗಾದರೆ ಮಾಡಬೇಕಾದ್ದು ಇಷ್ಟು. ಕಾಯಿಲ್‌ನಿಂದ ನೀರು ಯಾರ ಹಂಗೂ ಇಲ್ಲದೆ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಕೆಳಗೆ ಬಾಯಿ ತೆರೆದ ಒಂದು ಟ್ಯಾಂಕ್. ಅಲ್ಲಿಂದ ಮೇಲಕ್ಕೆ ನೂಕಲು ಬೇರೆಯೇ ಪಂಪ್. ಕಾಯಿಲ್ ಒಳಗೆ ನಿರ್ವಾತ ಆಗದಂತೆ ಒಂದು ವ್ಯಾಕ್ಯೂಮ್ ಬ್ರೇಕರ್.

ಕೇಳಲು ಸುಲಭ. ಆದರೆ ಎಎಚ್‌ಯು, ಅಂದರೆ ಫ್ಯಾನ್, ಫಿಲ್ಟರ್, ಕಾಯಿಲ್ ಎಲ್ಲ ಇರುವ ಗಾಳಿಯ ಪೆಟ್ಟಿಗೆ, ನೆಲದ ಮೇಲೆ ಕೂತಿತ್ತು. ಹಳೇ ಕಾಯಿಲ್‌ನ ತಳದ ಬಾಯಿ ನೆಲದಿಂದ ಬರೀ 300 ಮಿಲಿಮೀಟರ್. ಅದರ ಕೆಳಗೆ ಟ್ರ್ಯಾಪ್, ಟ್ರ್ಯಾಪ್ ಕೆಳಗೆ ಟ್ಯಾಂಕ್, ಟ್ಯಾಂಕ್ ಕೆಳಗೆ ಪಂಪ್ ಅಂದರೆ ಪಾತಾಳಕ್ಕೇ ಹೋಗಬೇಕು. ಸ್ಲ್ಯಾಬ್ ಕೊರೆದು ಕೆಳಗಿನ ಕಾರಿಡಾರ್‌ಗೆ ಇಳಿಸೋಣ ಅಂದುಕೊಂಡೆವು. ಕೆಳಗೆ ಇರೋದು ಪ್ಯಾಕಿಂಗ್ ಏರಿಯಾದ ಫಾಲ್ಸ್ ಸೀಲಿಂಗ್. ಅದರ ಮೇಲೆ ಬಿಸಿನೀರಿನ ಪೈಪ್ ಅಂದರೆ ಗುಣಮಟ್ಟ ನೋಡುವ ಕ್ಯೂಎ ವಿಭಾಗದವರು ಬಾಗಿಲಲ್ಲೇ ಅಡ್ಡ ಮಲಗುತ್ತಾರೆ.

ಕೊನೆಗೆ ಹೊಳೆದದ್ದು ಬೇರೆ. ಕಾಯಿಲ್ ಎಎಚ್‌ಯು ಒಳಗೇ ಇರಬೇಕು ಅಂತ ಯಾರು ಹೇಳಿದ್ದು? ಎಎಚ್‌ಯು ದಾಟಿ ಡಕ್ಟ್ ಮೇಲಕ್ಕೆ ಹೋಗಿ ಅಡ್ಡಕ್ಕೆ ತಿರುಗುವ ಜಾಗದಲ್ಲಿ ಎರಡು ಮೀಟರ್ ನೇರ ಉದ್ದ ಇತ್ತು. ಅಲ್ಲಿ ಡಕ್ಟ್ ಕತ್ತರಿಸಿ, ಚಾನೆಲ್ ಸ್ಟ್ಯಾಂಡ್ ಮೇಲೆ ಪ್ರತ್ಯೇಕ ಹೀಟರ್ ಬಾಕ್ಸ್ ಕೂರಿಸಿದೆವು. ಹಾಗೆ ಕಾಯಿಲ್‌ನ ತಳದ ಬಾಯಿ ನೆಲದಿಂದ 1500 ಮಿಲಿಮೀಟರ್ ಎತ್ತರಕ್ಕೆ ಬಂತು. ಎತ್ತರ ಅಂದರೆ ಒತ್ತಡ. ಈ ಕೆಲಸದಲ್ಲಿ ಬಿಟ್ಟಿಯಾಗಿ ಸಿಗುವ ಒತ್ತಡ ಅದೊಂದೇ.

ಕಾಯಿಲ್ ಆರ್ಡರ್ ಮಾಡುವಾಗ ಎರಡು ವಿಷಯಕ್ಕೆ ಹಟ ಹಿಡಿದೆ. ಒಂದು, ಟ್ಯೂಬ್‌ಗಳು ನಿಂತಿರಬೇಕು, ಮಲಗಿರಬಾರದು. ಮೇಲೆ ಸ್ಟೀಮ್ ಹೆಡರ್, ಕೆಳಗೆ ಕಂಡೆನ್ಸೇಟ್ ಹೆಡರ್. ನೀರಾದ ಹನಿ ಜಾರಿ ಬೀಳಲೇಬೇಕು. ಎರಡು, ಸ್ಟೇನ್‌ಲೆಸ್ ಟ್ಯೂಬ್, ಅದರ ಮೇಲೆ ಅಲ್ಯೂಮಿನಿಯಂ ಫಿನ್, ಅಂದರೆ ಬಿಸಿಯನ್ನು ಗಾಳಿಗೆ ದಾಟಿಸುವ ತೆಳು ರೆಕ್ಕೆಗಳು. ಮುಖದ ಅಳತೆ 750ಕ್ಕೆ 750 ಮಿಲಿಮೀಟರ್, ಅಂದರೆ ಗಾಳಿಯ ವೇಗ ಸೆಕೆಂಡಿಗೆ 2.5 ಮೀಟರ್. ಸಪ್ಲೈಯರ್ "ಸೇಫ್ಟಿಗೆ ಒಂದು ರೋ ಜಾಸ್ತಿ ಹಾಕ್ತೀವಿ ಸರ್" ಅಂದರು. ಬೇಡ ಅಂದೆ. ಕಾಯಿಲ್ ದೊಡ್ಡದಾದಷ್ಟೂ ಕಡಿಮೆ ಒತ್ತಡದಲ್ಲೇ ಕೆಲಸ ಮುಗಿಸುತ್ತದೆ, ನೀರು ನಿಲ್ಲುವ ತೊಂದರೆ ಇನ್ನೂ ಬೇಗ ಶುರುವಾಗುತ್ತದೆ. ಸ್ಟೀಮ್ ಕಾಯಿಲ್ ವಿಷಯದಲ್ಲಿ ಈ ಸೇಫ್ಟಿ ಅನ್ನೋದು ಉಲ್ಟಾ.

ಟ್ರ್ಯಾಪ್ ಜಾತಿ ಕೂಡ ಬದಲಾಯಿತು. ಹಳೆಯದು ಥರ್ಮೋಡೈನಮಿಕ್, ಒಳಗೆ ಒಂದು ಬಿಲ್ಲೆ ಟಪ್ ಟಪ್ ಅಂತ ಹಾರುವಂಥದ್ದು. ಗಟ್ಟಿಮುಟ್ಟು, ಅಗ್ಗ. ಮುಖ್ಯ ಲೈನಿನ ನೀರು ಬಿಡಲು ಬಹಳ ಒಳ್ಳೆಯದು. ಆದರೆ ಅದು ಕೆಲಸ ಮಾಡಲು ಒತ್ತಡ ಬೇಕು, ಮತ್ತು ಶುರುವಿನಲ್ಲಿ ಗಾಳಿ ಜಾಸ್ತಿ ಬಂದರೆ ಮುಚ್ಚಿ ಕೂರುತ್ತದೆ. ಒತ್ತಡ ಏರಿಳಿಯುವ ಕಾಯಿಲ್‌ಗೆ ಫ್ಲೋಟ್ ಟ್ರ್ಯಾಪ್ ಸರಿ. ನಮ್ಮ ಮನೆಯ ಸಿಂಟೆಕ್ಸ್ ಟ್ಯಾಂಕಿನ ಬಾಲ್‌ಕಾಕ್ ಇದೆಯಲ್ಲ, ಅದನ್ನೇ ತಿರುವಿ ಹಾಕಿದ ಹಾಗೆ: ನೀರು ಬಂದರೆ ಚೆಂಡು ಎದ್ದು ಬಾಗಿಲು ತೆರೆಯುತ್ತದೆ, ನೀರು ಹೋದರೆ ಮುಚ್ಚುತ್ತದೆ. ಮೇಲ್ಗಡೆ ಗಾಳಿ ಬಿಡಲು ಬೇರೆ ಪುಟ್ಟ ಕಿಂಡಿ. ಒತ್ತಡವೇ ಇಲ್ಲದಿದ್ದರೂ ನೀರಿನ ಭಾರಕ್ಕೇ ಕೆಲಸ ಮಾಡುತ್ತದೆ.

ಟ್ರ್ಯಾಪ್ ಸೈಜ್ ನೋಡುವಾಗ ಚಾರ್ಟ್‌ನ 3 ಬಾರ್ ಕಾಲಮ್ ನೋಡಬಾರದು. ನಾನು ಕಾಯಿಲ್ ಬಾಯಿಯಿಂದ ಟ್ರ್ಯಾಪ್‌ವರೆಗೆ 400 ಮಿಲಿಮೀಟರ್ ಇಳಿಕೆ ಕೊಟ್ಟಿದ್ದೆ. ಅದು ಕೊಡುವುದು 0.04 ಬಾರ್. ಆ ಒತ್ತಡದಲ್ಲಿ 146ರ ಎರಡರಷ್ಟು, ಸುಮಾರು 300 ಕೆಜಿ ಬಿಡಬೇಕು ಅಂತ ಚಾರ್ಟ್ ನೋಡಿದಾಗ 15 ಎನ್‌ಬಿ ಹೋಗಿ 25 ಎನ್‌ಬಿ ಬಂತು (ಎನ್‌ಬಿ ಅಂದರೆ ಪೈಪಿನ ಒಳಬಾಯಿಯ ಅಂದಾಜು ಅಳತೆ, ಮಿಲಿಮೀಟರ್‌ನಲ್ಲಿ). ಫ್ಲೋಟ್ ಟ್ರ್ಯಾಪ್‌ಗೆ ಗರಿಷ್ಠ ಒತ್ತಡ ವ್ಯತ್ಯಾಸದ ಮಿತಿಯೂ ಇರುತ್ತದೆ. ನಾವು ತಂದದ್ದು 4.5 ಬಾರ್‌ನದು. ಹೆಚ್ಚು ಒತ್ತಡದ ಮಾಡೆಲ್ ತಂದರೆ ಒಳಗಿನ ತೂತು ಚಿಕ್ಕದಾಗಿ, ಕಡಿಮೆ ಒತ್ತಡದಲ್ಲಿ ನೀರು ಸಾಕಷ್ಟು ಹೋಗುವುದಿಲ್ಲ.

ಪಂಪ್‌ಗೆ ಮೋಟಾರ್ ಇಲ್ಲ. ಕುದಿಯುವ ಅಂಚಿನಲ್ಲಿರುವ ನೀರನ್ನು ಸಾದಾ ಸೆಂಟ್ರಿಫ್ಯೂಗಲ್ ಪಂಪ್ ಎಳೆದರೆ ಅದರ ಬಾಯಲ್ಲೇ ನೀರು ಕುದ್ದು ಒಳಗೆ ತಿರುಗುವ ಚಕ್ರ, ಇಂಪೆಲ್ಲರ್, ಹಾಳು. ಹಾಗಾಗಿ ಸ್ಟೀಮ್‌ನಿಂದಲೇ ನಡೆಯುವ ಪಂಪ್ ತಂದೆವು. ಒಳಗೆ ಒಂದು ಫ್ಲೋಟ್. ನೀರು ತುಂಬಿದಾಗ ಸ್ಪ್ರಿಂಗ್ ಚಟ್ ಅಂತ ಹಾರಿ ಸ್ಟೀಮ್ ಬಿಡುತ್ತದೆ, ಸ್ಟೀಮ್ ನೀರನ್ನು ನೂಕುತ್ತದೆ, ಖಾಲಿಯಾದರೆ ಉಳಿದ ಸ್ಟೀಮ್ ಆಚೆ ಬಿಟ್ಟು ಮತ್ತೆ ತುಂಬಿಕೊಳ್ಳುತ್ತದೆ. ಎರಡೂ ಬದಿ ಚೆಕ್ ವಾಲ್ವ್. ಇದಕ್ಕೆ ಬರುವ ಸ್ಟೀಮ್ ಲೈನಿನ ನೀರು ಬಿಡಲು ಹಳೇ ಥರ್ಮೋಡೈನಮಿಕ್ ಟ್ರ್ಯಾಪ್ ಅನ್ನೇ ತೊಳೆದು ಹಾಕಿದೆವು. ಪಾಪ, ಅದರ ತಪ್ಪೇನಿರಲಿಲ್ಲ, ಕೂರಿಸಿದ ಜಾಗದ್ದು ತಪ್ಪು.

ಕೆಲಸಕ್ಕೆ ಸಿಕ್ಕಿದ್ದು ಆಯುಧಪೂಜೆ, ವಿಜಯದಶಮಿ, ಜೊತೆಗೆ ಶನಿವಾರ, ಭಾನುವಾರ. ನಾಲ್ಕು ದಿನ.

ಮೊದಲ ದಿನ ಬೆಳಗ್ಗೆ ಪೂಜೆ. ಬಾಯ್ಲರ್‌ಗೆ, ಕಂಪ್ರೆಸರ್‌ಗೆ, ವೆಲ್ಡಿಂಗ್ ಸೆಟ್‌ಗೆ ಅರಿಶಿನ ಕುಂಕುಮ, ಬಾಳೆಕಂದು, ಬೂದುಗುಂಬಳಕಾಯಿ. ಹೆಲ್ಪರ್ ಹುಡುಗ ಪ್ಯಾಕಿಂಗ್ ಬಿಚ್ಚದ ಹೊಸ ಕಾಯಿಲ್‌ಗೂ ಕುಂಕುಮ ಇಟ್ಟ. ಆ ಪ್ಲೈವುಡ್ ತುಂಡು ಈಗಲೂ ವರ್ಕ್‌ಶಾಪ್‌ನಲ್ಲಿದೆ. ಮಧ್ಯಾಹ್ನದಿಂದ ಬಿಚ್ಚುವ ಕೆಲಸ. ಮೊದಲು ಎರಡು ವಾಲ್ವ್ ಮುಚ್ಚಿ ನಡುವಿನ ಡ್ರೇನ್ ತೆರೆದೆವು, ಬೀಗ ಹಾಕಿ ಕೀಲಿ ನನ್ನ ಜೇಬಿಗೆ. ಒಂದೇ ವಾಲ್ವ್ ನಂಬಿ ಫ್ಲೇಂಜ್ ಬಿಚ್ಚುವವರನ್ನು ನೋಡಿದ್ದೇನೆ, ಸುಟ್ಟ ಕೈಗಳನ್ನೂ ನೋಡಿದ್ದೇನೆ.

ಕಾನೂನಿನ ಒಂದು ಮಾತು. ಸ್ಟೀಮ್ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ 3.5 ಕೆಜಿ ಮೀರಿದರೆ ಅದು 1950ರ ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್ ವ್ಯಾಪ್ತಿಗೆ ಬರುತ್ತದೆ. ಡ್ರಾಯಿಂಗ್, ಅನುಮತಿ, ಸರ್ಟಿಫಿಕೇಟ್ ಇರುವ ವೆಲ್ಡರ್, ಎಲ್ಲ ಬೇಕು. ನಮ್ಮ ಮುಖ್ಯ ಲೈನ್ 7 ಬಾರ್. ಪ್ರೆಶರ್ ರೆಡ್ಯೂಸಿಂಗ್ ಸ್ಟೇಷನ್ ದಾಟಿದ ಮೇಲೆ 3 ಬಾರ್, ಅದಾದ ಮೇಲೆ ಸೇಫ್ಟಿ ವಾಲ್ವ್. ನಾವು ಮುಟ್ಟಿದ್ದೆಲ್ಲ ಆ ಸ್ಟೇಷನ್‌ನ ಈಚೆಗೆ, ಅಂದರೆ ಆ ಮಿತಿಯ ಕೆಳಗೆ.

ಹೊಸ ಸ್ಟೀಮ್ ಲೈನ್ 40 ಎನ್‌ಬಿ. ಕವಲು ತೆಗೆದದ್ದು ಪೈಪಿನ ನೆತ್ತಿಯಿಂದ. ಬುಡದಿಂದ ತೆಗೆದರೆ ಲೈನಿನ ನೀರು, ತುಕ್ಕು ಎಲ್ಲ ನಮ್ಮ ಪಾಲಿಗೆ. ಕಂಟ್ರೋಲ್ ವಾಲ್ವ್‌ಗೆ ಮೊದಲು ಲೈನಿನ ನೀರು ಬಂದು ಇಳಿಯುವ ಒಂದು ಡ್ರಿಪ್ ಲೆಗ್, ಅದಕ್ಕೆ ತನ್ನದೇ ಟ್ರ್ಯಾಪ್. ಆಮೇಲೆ ಕಸ ಹಿಡಿಯುವ ಸ್ಟ್ರೇನರ್. ಸ್ಟ್ರೇನರ್‌ನ ಹೊಟ್ಟೆ ಕೆಳಗೆ ನೇತಾಡುವ ಹಾಗೆ ಹಾಕುವುದು ನೀರಿನ ಲೈನಿಗೆ ಸರಿ. ಸ್ಟೀಮ್‌ಗೆ ಅದನ್ನು ಪಕ್ಕಕ್ಕೆ ಮಲಗಿಸಬೇಕು, ಇಲ್ಲದಿದ್ದರೆ ಹೊಟ್ಟೆ ತುಂಬ ನೀರು ನಿಂತು ವಾಲ್ವ್ ಮೇಲೆ ಎರಚುತ್ತದೆ. ಫಿಟ್ಟರ್ ಅಣ್ಣನಿಗೆ ಇದನ್ನು ಹೇಳುವ ಅಗತ್ಯವೇ ಬರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮಲಗಿಸಿ ಬಿಗಿದಿದ್ದ.

ಪೈಪ್ ಹಿಗ್ಗುವುದನ್ನು ಮರೆಯಬಾರದು. ಕಬ್ಬಿಣ 100 ಡಿಗ್ರಿಗೆ ಮೀಟರಿಗೆ 1.2 ಮಿಲಿಮೀಟರ್ ಬೆಳೆಯುತ್ತದೆ. ನಮ್ಮ 8 ಮೀಟರ್ ಲೈನ್ 25ರಿಂದ 144ಕ್ಕೆ ಕಾದರೆ 11 ಮಿಲಿಮೀಟರ್ ಹತ್ತಿರ. ಅಷ್ಟೂ ಹೋಗಿ ಕಾಯಿಲ್‌ನ ಫ್ಲೇಂಜ್ ಮೇಲೆ ಕೂತರೆ ತೆಳು ಟ್ಯೂಬಿನ ಬೆಸುಗೆ ಎಷ್ಟು ದಿನ ತಡೆದೀತು? ಎರಡು ಮೊಣಕೈ ತಿರುವು ಕೊಟ್ಟು ಪೈಪಿಗೆ ಆಡಲು ಜಾಗ ಬಿಟ್ಟೆವು.

ವಿಜಯದಶಮಿಯ ದಿನ ಕಾಯಿಲ್ ಎತ್ತಿದೆವು. ಚೈನ್ ಪುಲಿ ಹಾಕಿ, ಬಾಕ್ಸ್‌ಗೆ ತೂರಿಸಿ, ಸ್ಪಿರಿಟ್ ಲೆವೆಲ್ ಇಟ್ಟು, ಕಂಡೆನ್ಸೇಟ್ ಬಾಯಿ ಕಡೆಗೆ ಕೂದಲೆಳೆ ಇಳಿಜಾರು. ಫಿನ್ ಅಂಚಿಗೆ ಯಾರದೋ ಸ್ಪ್ಯಾನರ್ ತಾಗಿ ಅಂಗೈಯಗಲ ಮಡಚಿತು. ಫಿನ್ ನೇರ ಮಾಡುವ ಬಾಚಣಿಗೆ ಹಿಡಿದು ಒಂದು ಗಂಟೆ ಬಾಚುತ್ತಾ ಕೂತೆ. ಮಗಳ ತಲೆ ಬಾಚಿದ ಅಭ್ಯಾಸ ಉಪಯೋಗಕ್ಕೆ ಬಂತು.

ವ್ಯಾಕ್ಯೂಮ್ ಬ್ರೇಕರ್ ಎಲ್ಲಿ ಹಾಕೋದು ಅಂತ ಸಣ್ಣ ಜಗಳವೇ ಆಯಿತು. ಫಿಟ್ಟರ್ ಅಣ್ಣ ಟ್ರ್ಯಾಪ್ ಹತ್ತಿರ ಅಂದ. ನಾನು ಸ್ಟೀಮ್ ಒಳಬರುವ ಕಡೆ, ಕಂಟ್ರೋಲ್ ವಾಲ್ವ್ ಮತ್ತು ಕಾಯಿಲ್ ನಡುವೆ ಅಂದೆ. ಗಾಳಿ ಮೇಲಿಂದ ಬಂದರೆ ನೀರು ಕೆಳಗಿಂದ ಇಳಿಯುತ್ತದೆ. ಕ್ಯಾನಿನ ಮುಚ್ಚಳ ಸಡಿಲಿಸಿದರೆ ಎಣ್ಣೆ ಸಲೀಸಾಗಿ ಬರುತ್ತದಲ್ಲ ಅಂದೆ. "ಸರಿ ಬಿಡಿ ಸರ್" ಅಂದ, ಮುಖ ಮಾತ್ರ ಸರಿ ಇರಲಿಲ್ಲ.

ಟ್ರ್ಯಾಪ್ ಕೂರಿಸುವ ಮೊದಲು ಲೈನ್ ಊದಿ ತೊಳೆಯಬೇಕು. ವೆಲ್ಡಿಂಗ್ ಹರಳು, ಗ್ರೈಂಡರ್ ಪುಡಿ ಎಲ್ಲ ಒಳಗಿರುತ್ತದೆ. ಟ್ರ್ಯಾಪ್ ಜಾಗದಲ್ಲಿ ಪೈಪ್ ತುಂಡು ಹಾಕಿ, ಬಾಯಿಯನ್ನು ಸುರಕ್ಷಿತ ಕಡೆ ತಿರುಗಿಸಿ, ಸ್ಟೀಮ್ ಬಿಟ್ಟು ಮೂರು ಸಲ ಊದಿದೆವು. ಮೊದಲ ಸಲ ಬಂದದ್ದು ಕಪ್ಪು ನೀರು, ಎರಡು ಹಿಡಿ ಹರಳು, ಒಂದು ವೆಲ್ಡಿಂಗ್ ರಾಡ್ ತುಂಡು. ಆ ರಾಡ್ ತುಂಡು ಯಾರದು ಅಂತ ಕೇಳಿದರೆ ಎಲ್ಲರೂ ಚಾವಣಿ ನೋಡಿದರು. ಇದಕ್ಕೂ ಮೊದಲೇ 6 ಬಾರ್ ನೀರಿನ ಒತ್ತಡದಲ್ಲಿ ಅರ್ಧ ಗಂಟೆ ಟೆಸ್ಟ್ ಆಗಿತ್ತು. ಒಂದು ಫ್ಲೇಂಜ್ ಬೆವರಿತ್ತು, ಗ್ಯಾಸ್ಕೆಟ್ ಬದಲಾಯಿಸಿದ್ದೆವು.

ಶನಿವಾರ ಸಂಜೆ ಸ್ಟೀಮ್ ಬಿಟ್ಟೆವು. ಬೈಪಾಸ್ ವಾಲ್ವ್ ಕಾಲು ಸುತ್ತು. ಪೈಪ್ ಕಾಯುವಾಗ ಟಿಕ್ ಟಿಕ್ ಅನ್ನುವುದು ಸಹಜ. ಹತ್ತು ನಿಮಿಷ ಬಿಟ್ಟು ಅರ್ಧ ಸುತ್ತು. ಕಾಯಿಲ್ ಮೇಲಿನ ಹೆಡರ್ ಬಿಸಿಯಾಯಿತು. ಕೆಳಗಿನ ಹೆಡರ್ ಆಗಲಿಲ್ಲ. ಹದಿನೈದು ನಿಮಿಷ ಕಾದೆವು. ಒಳಗಿನ ಹರಿವು ಕಾಣುವ ಗಾಜಿನ ಕಿಂಡಿ, ಸೈಟ್ ಗ್ಲಾಸ್‌ನಲ್ಲಿ ನೀರಿನ ಹನಿಯೂ ಇಲ್ಲ. ಗನ್ ಹಿಡಿದೆ. ಮೇಲೆ 120, ಕೆಳಗೆ 55.

ಎರಡು ವರ್ಷದ ದೆವ್ವ ಹೊಸ ಮನೆಗೂ ಬಂತಾ ಅನ್ನಿಸಿತು. ಯಾರೂ ಮಾತಾಡಲಿಲ್ಲ. ವ್ಯಾಕ್ಯೂಮ್ ಬ್ರೇಕರ್ ವಿಷಯದಲ್ಲಿ ಸೋತಿದ್ದ ಫಿಟ್ಟರ್ ಅಣ್ಣ ನನ್ನನ್ನೇ ನೋಡುತ್ತಿದ್ದ.

ಟ್ರ್ಯಾಪ್ ಮುಂದೆ ಕೂತು ಟಾರ್ಚ್ ಬಿಟ್ಟೆ. ಮುಚ್ಚಳದ ಮೇಲೆ ಎರಕದಲ್ಲೇ ಒಂದು ಬಾಣ ಇದೆ. ಅದು ನೆಲದ ಕಡೆ ತೋರಿಸಬೇಕು. ನಮ್ಮದು ಗೋಡೆ ಕಡೆ ತೋರಿಸುತ್ತಿತ್ತು. ತಂದದ್ದು ಲಂಬ ಪೈಪಿಗೆ ಜೋಡಿಸಿದ ಟ್ರ್ಯಾಪ್, ನಾವು ಕೂರಿಸಿದ್ದು ಅಡ್ಡ ಪೈಪಿಗೆ. ಒಳಗೆ ಚೆಂಡು ಮೇಲೆ ಕೆಳಗೆ ಆಡುವ ಬದಲು ಪಕ್ಕಕ್ಕೆ ಆಡಲು ನೋಡುತ್ತಿತ್ತು. ನೀರು ಬಂದರೂ ಅದು ಏಳುವುದು ಹೇಗೆ? ತಪ್ಪು ನನ್ನದೇ. ಆರ್ಡರ್‌ನಲ್ಲಿ ಹರಿವಿನ ದಿಕ್ಕು ಬರೆಯುವ ಜಾಗ ಖಾಲಿ ಬಿಟ್ಟಿದ್ದೆ. ಬಂದ ಮೇಲೆ ಮೈಮೇಲಿನ ಹರಿವಿನ ಬಾಣ ಮಾತ್ರ ನೋಡಿದ್ದೆ, ಮುಚ್ಚಳದ್ದು ನೋಡಿರಲಿಲ್ಲ.

ಸ್ಟೀಮ್ ನಿಲ್ಲಿಸಿ, ಬೀಗ ಹಾಕಿ, ತಣ್ಣಗಾಗಲು ಬಿಟ್ಟು ಊಟಕ್ಕೆ ಹೋದೆವು. ಬಂದು ನಾಲ್ಕು ಬೋಲ್ಟ್ ಬಿಚ್ಚಿ, ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದೆವು. ಕೆಲಸ ಇಪ್ಪತ್ತು ನಿಮಿಷ, ಅವಮಾನ ಇಡೀ ಸಂಜೆ. "ಬಾಣ ನೋಡ್ಲಿಲ್ವಾ ಸರ್?" ಅಂತ ಫಿಟ್ಟರ್ ಅಣ್ಣ ಬಹಳ ಮರ್ಯಾದೆಯಿಂದ ಕೇಳಿದ.

ರಾತ್ರಿ ಒಂಬತ್ತೂವರೆಗೆ ಮತ್ತೆ ಸ್ಟೀಮ್. ಈ ಸಲ ಸೈಟ್ ಗ್ಲಾಸ್‌ನಲ್ಲಿ ಮೊದಲು ಗಾಳಿಯ ಗುಳ್ಳೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ. ಟ್ಯಾಂಕ್ ತುಂಬಿತು. ಪಂಪ್ ಒಳಗೆ ಚಟ್ ಅಂತ ಸದ್ದಾಗಿ, ಮೇಲಿನ ಪೈಪಿನಲ್ಲಿ ನೀರು ಏರುವುದು ಕೈಗೆ ತಿಳಿಯಿತು. ಮೇಲಿನ ಹೆಡರ್ 121, ಕೆಳಗಿನದು 118. ಸೆಟ್ 60 ಮಾಡಿದೆವು. 50 ಮಾಡಿದೆವು. ವ್ಯಾಕ್ಯೂಮ್ ಬ್ರೇಕರ್ ಸಣ್ಣಗೆ ಸಿಳ್ಳೆ ಹೊಡೆದು ಗಾಳಿ ಎಳೆದುಕೊಂಡಿತು. ಢಣ್ ಇಲ್ಲ. ಗಾಳಿಯ ಉಷ್ಣತೆ 49.4, 50.2, 49.9. ವೆಲ್ಡರ್ ಟೂಲ್ ಬ್ಯಾಗ್ ಕಟ್ಟುತ್ತಾ "ಈಗ ನೋಡ್ರಿ, ನೀರಿಗೆ ದಾರಿ ಸಿಕ್ಕೇತಿ" ಅಂದರು.

ಭಾನುವಾರ ಇನ್ಸುಲೇಶನ್. ರಾಕ್‌ವುಲ್, ಮೇಲೆ ಅಲ್ಯೂಮಿನಿಯಂ ಶೀಟ್. ಟ್ರ್ಯಾಪ್ ಮತ್ತು ಸೈಟ್ ಗ್ಲಾಸ್ ಮಾತ್ರ ಹಾಗೇ ಬಿಟ್ಟೆವು. ಗನ್ ಹಿಡಿದು ನೋಡಲು ಬೇಕಲ್ಲ.

ಇನ್ನೊಂದು ಉಳಿದಿದೆ, ಅದು ಸುಮ್ನೆ ಕುತೂಹಲದ್ದು. ಪಂಪ್ ಮೇಲೆ ಒಂದು ಕೌಂಟರ್ ಇದೆ, ಎಷ್ಟು ಸಲ ನೂಕಿತು ಅಂತ ಎಣಿಸುತ್ತದೆ. ನಮ್ಮದು ಒಂದು ಸಲಕ್ಕೆ ಸುಮಾರು 7 ಲೀಟರ್. ಸೋಮವಾರ ಸೆಟ್ 70 ಇಟ್ಟು ಒಂದು ಗಂಟೆ ಎಣಿಸಿದೆ. 19 ಸಲ. 133 ಲೀಟರ್ ಆಯಿತು. ಬಿಸಿನೀರು ಹಗುರ, ಲೀಟರಿಗೆ 0.96 ಕೆಜಿ, ಅಂದರೆ 128 ಕೆಜಿ. ಟ್ರ್ಯಾಪ್ ದಾಟಿದ ನೀರಿನಲ್ಲಿ ಸುಮಾರು 7 ಪಾಲು ಟ್ಯಾಂಕಿನ ವೆಂಟ್‌ನಿಂದ ಹಬೆಯಾಗಿ ಹಾರಿಹೋಗುತ್ತದೆ, ನೂರಕ್ಕೆ ಏಳು. ಅದನ್ನೂ ಸೇರಿಸಿದರೆ 137. ಹಾಳೆಯ ಲೆಕ್ಕ 146. ಅವತ್ತು ತಣ್ಣೀರಿನ ಕಾಯಿಲ್ ದಾಟಿದ ಗಾಳಿ 12ರ ಬದಲು 14 ಇತ್ತು, ಅಲ್ಲಿ ಐದು ಕೆಜಿ ಹೋಯಿತು. ಉಳಿದ ನಾಲ್ಕು ಕೆಜಿ ಎಲ್ಲಿ ಅಂತ ಇನ್ನೂ ಹುಡುಕುತ್ತಿದ್ದೇನೆ. ವೆಂಟ್‌ನ ಹಬೆಯನ್ನು ಬಾಯ್ಲರ್ ಫೀಡ್ ಟ್ಯಾಂಕಿಗೆ ತಿರುಗಿಸಬೇಕು ಅಂತ ಫಿಟ್ಟರ್ ಅಣ್ಣ ಹಟ ಹಿಡಿದಿದ್ದಾನೆ. ಮುಂದಿನ ರಜೆ ದೀಪಾವಳಿಗೆ.